ಛತ್ರದವನಿಗೆ ಕೊಟ್ಟ ಎರಡು ನಾಣ್ಯ
(ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಪ್ರಬೋಧನೆ)



ಸಂತ ಎರಡನೇ ಜಾನ್ ಪಾಲರು 1992ರಲ್ಲಿ ಲೂರ್ದು ಮಾತೆಯ ಹಬ್ಬದ ಈ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಸಾರಿದರು. ಪ್ರತಿವರ್ಷ ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಇಂದು ರೋಗಿಯ ಮಂಚದ ಪಕ್ಕ ನಿಂತವರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಲೂರ್ದಿನಲ್ಲಿ ಮಾತೆಯ ದರ್ಶನ ಪಡೆದ ಸಂತ ಬರ್ನದೆತ್ತರೂ ಮುಂದೆ ನೆವೆರ್ ಮಠದಲ್ಲಿ ರೋಗಿಗಳ ಶುಶ್ರೂಷೆ ಮಾಡಿದವರೇ. ಸ್ವತಃ ಉಬ್ಬಸದಿಂದ, ಕ್ಷಯದಿಂದ ಬಳಲಿ 1879ರಲ್ಲಿ, 35ನೇ ವಯಸ್ಸಿನಲ್ಲೇ ತೀರಿಕೊಂಡರು. ಆರೈಕೆ ಮಾಡುವವರ ದೇಹವೂ ದಣಿಯುತ್ತದೆ.

ಈಗ ತಾನೇ ಕೇಳಿದ ಶುಭಸಂದೇಶದ ಸಾಮತಿ ನಿಮಗೆಲ್ಲ ಬಾಯಿಪಾಠ. ಯಾಜಕ ಹೋದ, ಲೇವಿಯ ಹೋದ, ಸಮಾರಿಯದವನು ನಿಂತ. ಆದರೆ ಅಲ್ಲಿ ಇನ್ನೊಬ್ಬನಿದ್ದಾನೆ, ಛತ್ರದವನು. ಸಮಾರಿಯದವನು ಒಂದು ರಾತ್ರಿ ಆರೈಕೆ ಮಾಡಿ ಮರುದಿನ ತನ್ನ ದಾರಿ ಹಿಡಿದ. ಆಮೇಲೆ ಗಾಯ ತೊಳೆದವರು, ಗಂಜಿ ಕುಡಿಸಿದವರು, ನಡುರಾತ್ರಿ ನರಳಿದಾಗ ಎದ್ದು ಬಂದವರು ಛತ್ರದಲ್ಲಿದ್ದವರು. ಸಮಾರಿಯದವನು ಅವರಿಗೆ 'ಇದು ಪುಣ್ಯದ ಕೆಲಸ, ದೇವರು ಒಳ್ಳೆಯದು ಮಾಡಲಿ' ಎಂದು ಹೇಳಿ ಹೊರಡಲಿಲ್ಲ. ಎರಡು ದಿನದ ಕೂಲಿಯಷ್ಟು, ಎರಡು ಬೆಳ್ಳಿ ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವುದಾಗಿಯೂ ಹೇಳಿದ. ಕರುಣೆಯ ಕಥೆಯೊಳಗೆ ಪ್ರಭು ಯೇಸು ದುಡ್ಡಿನ ಲೆಕ್ಕವನ್ನೂ ಸೇರಿಸಿದ್ದಾರೆ.

ನರ್ಸ್ ಕೆಲಸ ಸೇವೆ ಎನ್ನುತ್ತೇವೆ. ನಿಜವೇ. ಆದರೆ ಸೇವೆ ಎಂಬ ಆ ಒಳ್ಳೆಯ ಮಾತನ್ನೇ ಮುಂದೆ ಮಾಡಿ ಅವರ ನಿದ್ದೆ, ರಜೆ, ಸಂಬಳ ಕಸಿದುಕೊಂಡರೆ ಅದು ಅನ್ಯಾಯ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸುಗಳ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಧರ್ಮಸಭೆಯ ಆಸ್ಪತ್ರೆಗಳನ್ನು ನಡೆಸುವ ನಾವೂ ನಮ್ಮ ಲೆಕ್ಕಪುಸ್ತಕ ತೆರೆದು ನೋಡಬೇಕು. ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಜಗದ್ಗುರು ಹದಿಮೂರನೇ ಲಿಯೋ 1891ರಲ್ಲೇ ಬರೆದಿದ್ದಾರಲ್ಲವೇ?

ಇದು ನರ್ಸುಗಳ ಸೌಕರ್ಯದ ಮಾತಷ್ಟೇ ಅಲ್ಲ, ರೋಗಿಯ ಜೀವದ ಮಾತು. 2025ರಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸರು 2018ರಲ್ಲಿ ಇಟಲಿಯ ನರ್ಸುಗಳಿಗೆ ತಮ್ಮ ಕಥೆ ಹೇಳಿದ್ದರು. ಇಪ್ಪತ್ತರ ಹರೆಯದಲ್ಲಿ ಅವರು ಶ್ವಾಸಕೋಶದ ಕಾಯಿಲೆಯಿಂದ ಸಾವಿನಂಚಿಗೆ ಹೋಗಿದ್ದರು. ಕೊರ್ನೇಲಿಯಾ ಕರಾಲ್ಯೋ ಎಂಬ ಧರ್ಮಭಗಿನಿ, ಕೊಡುತ್ತಿರುವ ಔಷಧ ಸಾಲದೆಂದು ವೈದ್ಯರೊಡನೆ ವಾದಿಸಿ ಅವರನ್ನು ಉಳಿಸಿದರು. ಮಂಚದ ಬಳಿ ಇದ್ದುದರಿಂದಲೇ ಅದು ಅವರಿಗೆ ತಿಳಿಯಿತು. ಒಬ್ಬರೇ ಇಡೀ ವಾರ್ಡು ಓಡಾಡುವ ನರ್ಸಿಗೆ ಅಷ್ಟು ಹೊತ್ತು ಒಂದು ಮಂಚದ ಬಳಿ ನಿಲ್ಲಲು ಬಿಡುವೆಲ್ಲಿದೆ? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುವುದು ಅದರಲ್ಲಿ ಕಂಡುಬಂತು.

ನಮ್ಮ ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಆದರೂ ದೊಡ್ಡ ಕಾಯಿಲೆಯೆಂದರೆ ಗೋವೆಗೋ, ಮಣಿಪಾಲಕ್ಕೋ, ಹುಬ್ಬಳ್ಳಿಗೋ ಓಡುತ್ತೇವೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ, ಮತ್ತೆ 2022ರಲ್ಲಿ ಜನ ದನಿ ಎತ್ತಿದರು. ಕೇಳಲೇಬೇಕು. ಕಟ್ಟಡ, ಯಂತ್ರ, ವೈದ್ಯರನ್ನು ಕೇಳುವಾಗ ರಾತ್ರಿ ಪಾಳಿಯಲ್ಲಿ ಒಂದು ವಾರ್ಡಿಗೆ ಎಷ್ಟು ನರ್ಸುಗಳೆಂದೂ ಕೇಳೋಣ.

ಇನ್ನು ಮನೆಯ ಮಾತು. ಕಿನ್ನರವಾಗಲಿ ಅಂಕೋಲೆಯಾಗಲಿ, ರಾತ್ರಿ ಪಾಳಿ ಮುಗಿಸಿ ಬಂದ ಸೊಸೆ ಚಪ್ಪಲಿ ಬಿಡುವಷ್ಟರಲ್ಲಿ ಮೀನು ಹೆಚ್ಚಲು ಕರೆಯುತ್ತೀರಿ. ಅತ್ತೆಯಂದಿರೇ, ನಗಬೇಡಿ. ಗಂಡಂದಿರೇ, ನಿಮಗೂ ಹೇಳುತ್ತಿದ್ದೇನೆ, ಮೀನು ಹೆಚ್ಚಲು ನಿಮಗೂ ಎರಡು ಕೈಗಳಿವೆ. ಆಸ್ಪತ್ರೆಗೆ ಹೋದಾಗ 'ಏ ಸಿಸ್ಟರ್' ಎಂದು ಗದರುವುದನ್ನೂ, ಮಲಗಿದ ರೋಗಿಯ ಸುತ್ತ ಹತ್ತು ಜನ ಮುತ್ತುವುದನ್ನೂ ಬಿಡಿ.

ಈಗ ರೋಗಿಗಳ ಅಭ್ಯಂಗ ಸಂಸ್ಕಾರ. ನಮ್ಮ ಯುವಕರು ವೃದ್ಧರನ್ನು ಕೈಹಿಡಿದು ಪೀಠದ ಮುಂದೆ ಕರೆತರಲಿ. ರಾತ್ರಿ ಪಾಳಿಯಿಂದ ನೇರವಾಗಿ ಪೂಜೆಗೆ ಬಂದ ನರ್ಸುಗಳು ಕುಳಿತೇ ಇರಲಿ, ಈ ಕೆಲಸಕ್ಕೆ ಇಂದು ಅವರನ್ನು ಯಾರೂ ಎಬ್ಬಿಸಬೇಡಿ.