ಓದಿಸಿದವರು ಮುಖ ನೋಡಬೇಕೇ?



ಈ ಸಭೆಯ ಕರಪತ್ರದಲ್ಲಿ ನನ್ನ ಭಾಷಣದ ವಿಷಯವನ್ನು 'ವಿದ್ಯಾದಾನದ ಪರಂಪರೆ' ಎಂದು ಅಚ್ಚು ಹಾಕಿಸಿದ್ದೀರಿ. ಪರಂಪರೆ ನಿಮಗೆಲ್ಲ ಗೊತ್ತಿದ್ದದ್ದೇ. ವಾರಾನ್ನದ ಮನೆಗಳು, ಗುಬ್ಬಿ ತೋಟದಪ್ಪನವರ ಛತ್ರ, ಸಿದ್ಧಗಂಗೆಯ ದಾಸೋಹ, ಆಮೇಲೆ ಸರ್ಕಾರಿ ಹಾಸ್ಟೆಲು, ಮೊರಾರ್ಜಿ ಶಾಲೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ನನ್ನದು ಬೇರೆಯೇ ತಕರಾರು, ಅದು ನಮ್ಮ ಸಂಘದ ಸಮಿತಿಯಲ್ಲೇ ಹುಟ್ಟಿದ್ದು. ಈ ವರ್ಷದಿಂದ ತೋಟದ ಕೆಲಸದವರ ಮಕ್ಕಳ ಓದಿನ ಖರ್ಚು ನೋಡಿಕೊಳ್ಳೋಣ ಎಂದಾಗ ಯಾರೂ ಬೇಡ ಅನ್ನಲಿಲ್ಲ. ಆದರೆ ರಾಜ್ಯೋತ್ಸವದ ದಿನ ಆ ಮಕ್ಕಳನ್ನು ವೇದಿಕೆಗೆ ಕರೆದು, ದುಡ್ಡು ಕೊಟ್ಟವರ ಕೈಯಿಂದಲೇ ಚೆಕ್ ಕೊಡಿಸಬೇಕು ಎಂದರು ಕೆಲವರು. ನಾನು ಕೂಡದು ಎಂದೆ. ಮಾತು ಅಲ್ಲಿಗೇ ನಿಂತಿದೆ.

ನಾನು ಹಾಗೆಂದದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ಬೇರೊಂದು ಊರಿನ ಸಮಾರಂಭದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಕೈಗೆ ರಟ್ಟಿನ ದೊಡ್ಡ ಚೆಕ್ ಕೊಟ್ಟು ನಿಲ್ಲಿಸಿದ್ದರು. ಅವಳ ಗಲ್ಲದವರೆಗೂ ಬರುವಷ್ಟು ದೊಡ್ಡದು. ಫೋಟೊದವನು 'ಸ್ವಲ್ಪ ನಗಮ್ಮ' ಅಂದ. ನಗು ಬರಲಿಲ್ಲ. ಮರುದಿನದಿಂದ ಶಾಲೆಯಲ್ಲಿ ಅವಳ ಅಡ್ಡಹೆಸರು 'ಚೆಕ್' ಎಂದಾಯಿತು. ಇಷ್ಟೇ ಆಗಿದ್ದರೆ ನನ್ನ ವಾದ ಗೆದ್ದಂತೆಯೇ. ಆದರೆ ಅವಳ ಅಪ್ಪ ಆ ಫೋಟೊಗೆ ಕಟ್ಟು ಹಾಕಿಸಿ, ನಮ್ಮ ದೇವರಮನೆ ಬೆಟ್ಟದ ಕಾಲಭೈರವೇಶ್ವರನ ಪಟದ ಪಕ್ಕದಲ್ಲೇ ತೂಗುಹಾಕಿದ್ದಾನೆ. ತೋಟದ ಕೂಲಿಯವರ ಆ ಲೈನ್ ಮನೆಗೆ ಯಾರು ಬಂದರೂ ಮೊದಲು ತೋರಿಸುವುದು ಅದನ್ನೇ.

ಇನ್ನೊಂದು ಮಾತು. ಫೀಸು ಕಟ್ಟಿದರೆ ಮಗು ಉದ್ಧಾರವಾಯಿತು ಎಂದುಕೊಳ್ಳುವವರು ನಮ್ಮ ಗುಡ್ಡಗಾಡನ್ನು ಸರಿಯಾಗಿ ನೋಡಿಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಶಾಲೆಯ ಮಾತೆತ್ತಿದಾಗ ಲೆಕ್ಕಕ್ಕೆ ಹಿಡಿದದ್ದು 6ರಿಂದ 12 ವರ್ಷದ ಮಕ್ಕಳನ್ನು, ಅದೂ ತೋಟದಲ್ಲಿ ಅಂಥವರು 25ಕ್ಕಿಂತ ಹೆಚ್ಚಿದ್ದರೆ. ನಮ್ಮಲ್ಲಿ ಮಕ್ಕಳು ಮುಗ್ಗರಿಸುವುದೇ 12 ದಾಟಿದ ಮೇಲೆ. ಹೈಸ್ಕೂಲು ದೂರ, ಜುಲೈ ಬಂತೆಂದರೆ ಹಳ್ಳ ತುಂಬಿ ದಾರಿಯೇ ಇರುವುದಿಲ್ಲ. ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಬೇಕಾದ ದಿನಗಳೂ ಅವೇ. ಅಮ್ಮ ಹಣ್ಣು ಕುಯ್ಯಲು ಹೋದರೆ ತಂಗಿಯನ್ನು ಎತ್ತಿಕೊಳ್ಳುವವರು ಯಾರು? ಇಲ್ಲಿ ಬೇಕಾದದ್ದು ಪೇಟೆಯಲ್ಲಿ ಒಂದು ಚಾಪೆಯಷ್ಟು ಜಾಗ, ಎರಡು ಹೊತ್ತಿನ ಊಟ. 1935ರಲ್ಲಿ ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕುಲಪತಿಯಾದರೂ, ಕೊನೆಯವರೆಗೆ ಅವರು ಹಾಸ್ಟೆಲಿನ ಕೋಣೆ ಬಿಡಲಿಲ್ಲ.

ಅಂಬೇಡ್ಕರ್ ಅವರದ್ದು ಇನ್ನೂ ಕಹಿಯಾದ ಕಥೆ. 1913ರಲ್ಲಿ ಬರೋಡಾದ ಸಯಾಜಿರಾವ್ ಮಹಾರಾಜರು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಹಿಂದಿರುಗಿ 10 ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು. 1917ರಲ್ಲಿ ಬರೋಡಾಕ್ಕೆ ಬಂದರೆ ಉಳಿಯಲು ಯಾರೂ ಜಾಗ ಕೊಡಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹ ಸೇರಿದರು. ಗುಟ್ಟು ರಟ್ಟಾದ ಮೇಲೆ ಕೋಲು ಹಿಡಿದವರು ಬಂದು ಹೊರಗೆ ಹಾಕಿದರು. ಓದಿಸಿದ ಮಹಾರಾಜರು ದೊಡ್ಡವರು, ಅನುಮಾನವೇ ಇಲ್ಲ. ಆದರೆ ಓದಿಸಿದ ಊರೇ ಮಲಗಲು ಜಾಗ ಕೊಡಲಿಲ್ಲವಲ್ಲ.

ಇದನ್ನೆಲ್ಲ ನನ್ನ ತಲೆಗೆ ತುಂಬಿದವರು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಮೈಸೂರಿನಲ್ಲಿ ದಿನಕ್ಕೊಂದು ಮನೆಯಂತೆ ವಾರಾನ್ನದ ಮೇಲೆ ಓದಿದವರು. ಮಂಗಳವಾರದ ಮನೆಯಲ್ಲಿ ಎಲೆ ಹಾಕುವ ಮೊದಲು ಪಾಠ ಒಪ್ಪಿಸಬೇಕಿತ್ತಂತೆ, ಅದೂ ಫೇಲಾಗಿ ಕೂತ ಆ ಮನೆಯ ಮಗನ ಎದುರಿಗೆ. ಅವನಿಗೆ ಇವರ ಮೇಲೆ ಸಿಟ್ಟು, ಇವರಿಗೆ ಆ ಅನ್ನದ ಮೇಲೆ. ಆದರೂ ಮೈಸೂರಿಗೆ ಹೋದಾಗಲೆಲ್ಲ ಆ ಮನೆಯ ಅಜ್ಜಿಗೆ ಇಲ್ಲಿಂದ ಕಾಫಿಪುಡಿ ಒಯ್ಯುತ್ತಿದ್ದರು. ಯಾಕೆ ಸಾರ್ ಎಂದರೆ, 'ಅನ್ನ ಹಾಕಿದ ತಾಯಿ ಕಣೋ' ಎನ್ನುತ್ತಿದ್ದರು. ಅದೇ ಉಸಿರಿನಲ್ಲಿ, 'ನನ್ನ ಮಕ್ಕಳಿಗೆ ಆ ಅನ್ನ ಬೇಡ' ಎಂದೂ ಸೇರಿಸುತ್ತಿದ್ದರು. ನಾಡಕಚೇರಿಯಲ್ಲಿ ನಮ್ಮ ಆದಾಯ ಪ್ರಮಾಣಪತ್ರಕ್ಕಾಗಿ ಗುಮಾಸ್ತರೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದವರೂ ಅವರೇ. ಸರ್ಕಾರದ ದುಡ್ಡಿಗೆ ಯಾರಿಗೂ ಕೈಮುಗಿಯಬೇಕಿಲ್ಲ ಎಂಬುದು ಅವರ ಹಟ.

ನನ್ನನ್ನು ಪಿಯುಸಿ ಓದಿಸಿದ್ದು ಒಬ್ಬ ತೋಟದ ಸಾಹುಕಾರರು. ಪ್ರತಿ ವರ್ಷ ಫಲಿತಾಂಶ ಬಂದ ಕೂಡಲೇ ಮಾರ್ಕ್ಸ್ ಕಾರ್ಡ್ ಹಿಡಿದು ಅವರ ಮನೆಗೆ ಹೋಗಬೇಕಿತ್ತು. ಜಗಲಿಯಲ್ಲೇ ನಿಲ್ಲಬೇಕು, ಒಳಗೆ ಕರೆಯುತ್ತಿರಲಿಲ್ಲ. ಅವರು ಕನ್ನಡಕ ಏರಿಸಿ, ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸಿ, ಗಣಿತದ ಹತ್ತಿರ ನಿಲ್ಲಿಸುತ್ತಿದ್ದರು. 'ಇದ್ಯಾಕೋ ಇಷ್ಟೇ?' ಆ ಜಗಲಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಡಿಗ್ರಿಗೆ ಬಂದಾಗ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಒಂದು ಸಹಿ ಹಾಕಿದರೆ ಮುಗಿಯಿತು, ಯಾರೆದುರೂ ನಿಲ್ಲಬೇಕಿರಲಿಲ್ಲ. ಗಣಿತದಲ್ಲಿ ಎಷ್ಟು ಬಂತು ಎಂದು ಕೇಳುವವರೂ ಇರಲಿಲ್ಲ.

ಸಮಿತಿಯಲ್ಲಿ ಕೂಡದು ಎಂದು ಮೇಜು ಗುದ್ದಿದವನಿಗೆ ಈಗ ಉತ್ತರ ಗೊತ್ತಿರಬೇಕಿತ್ತು. ಮುಖ ನೋಡದ ದಾನಿ ಎರಡನೇ ವರ್ಷ ದುಡ್ಡು ಕೊಟ್ಟಾನೆಯೇ? ವೇದಿಕೆ ಹತ್ತಿಸಿದ ಹುಡುಗಿ ಎರಡನೇ ವರ್ಷ ಅರ್ಜಿ ಹಾಕುತ್ತಾಳೆಯೇ? 'ಇದ್ಯಾಕೆ ಇಷ್ಟೇ' ಎಂದು ಕೇಳುವವರು ಒಬ್ಬರು ಬೇಕು ಎಂದಾದರೆ, ಅವರು ದುಡ್ಡು ಕೊಟ್ಟವರೇ ಆಗಬೇಕೇ? ಆಗಬಾರದು ಎಂದರೆ, ಜುಲೈ ಸಂಜೆ ಜಿಗಣೆ ಕಿತ್ತುಕೊಳ್ಳುತ್ತ ಲೈನ್ ಮನೆಯವರೆಗೆ ಹೋಗುವವರು ಈ ಸಭೆಯಲ್ಲಿ ಯಾರಿದ್ದೀರಿ? ಮುಂದಿನ ಸಭೆಯಲ್ಲಿ ಇದನ್ನು ಮತಕ್ಕೆ ಹಾಕಿದರೆ, ನಾನಾದರೂ ಯಾವ ಕಡೆಗೆ ಕೈ ಎತ್ತಲಿ?