ಮತ ಕೇಳಲು ಬರುವವರನ್ನು ನಾವು ಕೇಳಬೇಕಾದುದು

(ಬಸವನಗುಡಿಯ ಪೌರರ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಸಮೀಪಿಸಿತೆಂದರೆ ಅಧಿಕಾರಾರೂಢ ಪಕ್ಷದವರು ತಮ್ಮ ಸಾಧನೆಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಮನೆಮನೆಗೂ ಹಂಚುವುದು ವಾಡಿಕೆ. ಆ ಪಟ್ಟಿಯಲ್ಲಿ ಇದ್ದುದನ್ನು ಓದುವವರು ಅನೇಕರು. ಇಲ್ಲದುದನ್ನು ಹುಡುಕುವವರು ವಿರಳ. ಅಂಥ ಪಟ್ಟಿಯಲ್ಲಿ ಎಂದೂ ಕಾಣಿಸದ ಒಂದು ವಿಷಯವನ್ನು ತಮ್ಮ ಮುಂದಿಡುವುದಕ್ಕಾಗಿಯೇ ನಾವು ಈ ದಿನ ಇಲ್ಲಿ ನಿಂತಿದ್ದೇವೆ. 2020ರ ಸೆಪ್ಟೆಂಬರ್ 10ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿಯಿತು. ಅಲ್ಲಿಂದ ಮೊದಲ್ಗೊಂಡು 2025ನೆಯ ಇಸವಿ ಮುಗಿಯುವವರೆಗೆ, ಐದು ವರ್ಷಗಳಿಗೂ ಮಿಕ್ಕ ಕಾಲ, ಈ ಮಹಾನಗರದ ಯಾವ ವಾರ್ಡಿಗೂ ಜನರು ಆರಿಸಿದ ಒಬ್ಬ ಸದಸ್ಯನಾದರೂ ಇರಲಿಲ್ಲ. ಒಂದು ಪಾಲಿಕೆಯ ಪೂರ್ಣಾಯುಷ್ಯವೇ ಐದು ವರ್ಷ. ಅರ್ಥಾತ್, ಒಂದು ಇಡೀ ಪಾಲಿಕೆಯನ್ನು ನಮ್ಮಿಂದ ಕಿತ್ತುಕೊಳ್ಳಲಾಯಿತು.

ಇದರ ಬದಲು ರಸ್ತೆಯ ಗುಂಡಿಗಳ ಮಾತನ್ನೆತ್ತಿ, ಕಸದ ರಾಶಿಯ ಮಾತನ್ನೆತ್ತಿ, ಜನಕ್ಕೆ ಅದು ನಾಟುತ್ತದೆ ಎಂದು ಕೆಲವು ಮಿತ್ರರು ಹೇಳುವರು. ನಾವು ಅದನ್ನೇ ಎತ್ತುತ್ತಿದ್ದೇವೆ. ಗುಂಡಿ ಬೀಳುವುದು ಮಳೆಯಿಂದ; ಗುಂಡಿ ಉಳಿಯುವುದು ಮಾತ್ರ ಕೇಳುವವರಿಲ್ಲದುದರಿಂದ. ಬೀದಿಯ ದೀಪ ಕೆಟ್ಟರೆ ಮನೆಯ ಬಾಗಿಲಿಗೆ ಹೋಗಿ ಗದರಿಸಬಹುದಾದ ಸದಸ್ಯನೊಬ್ಬನಿದ್ದಾಗ ಅವನಿಗೆ ಮುಂದಿನ ಮತದ ಭಯವಿತ್ತು. ವರ್ಗವಾಗಿ ಬಂದು ವರ್ಗವಾಗಿ ಹೋಗುವ ಅಧಿಕಾರಿಗೆ ಆ ಭಯವೆಲ್ಲಿಯದು? ಆಡಳಿತಾಧಿಕಾರಿಗಳಲ್ಲಿ ಸಮರ್ಥರೂ ಸಜ್ಜನರೂ ಇರಬಹುದು. ಅವರ ದೋಷವನ್ನು ಎಣಿಸುವುದು ನಮ್ಮ ಉದ್ದೇಶವಲ್ಲ. ಅವರು ಉತ್ತರ ಹೇಳಬೇಕಾದುದು ತಮ್ಮನ್ನು ನೇಮಿಸಿದ ಸರಕಾರಕ್ಕೆ, ನಮಗಲ್ಲ ಎಂಬಷ್ಟನ್ನೇ ನಾವು ಹೇಳುವೆವು.

ಪೌರ ಸ್ವಾತಂತ್ರ್ಯವೆಂಬುದು ಈ ಊರಿಗೆ ನಿನ್ನೆ ಮೊನ್ನೆ ಬಂದುದಲ್ಲ. 1862ರಲ್ಲಿಯೇ ಬೆಂಗಳೂರಿಗೆ ಪುರಸಭೆಯೆಂಬುದು ಹುಟ್ಟಿತು. 1892ರಲ್ಲಿ ಚಾಮರಾಜಪೇಟೆ ಬೆಳೆಯಿತು. 1898ರಲ್ಲಿ ಪ್ಲೇಗಿನ ಮಾರಿ ಊರನ್ನು ಹೊಕ್ಕಾಗ, ಗಾಳಿ, ಬೆಳಕು, ಚರಂಡಿಗಳ ಬೆಲೆಯೇನೆಂಬುದನ್ನು ಊರು ಪ್ರಾಣವನ್ನು ತೆತ್ತು ಕಲಿಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಪಾಠದ ಫಲಗಳು. 1949ರಲ್ಲಿ ಪೇಟೆಯ ಪುರಸಭೆಯನ್ನೂ ದಂಡಿನ ಪುರಸಭೆಯನ್ನೂ ಕೂಡಿಸಿ ಒಂದೇ ನಗರ ಪಾಲಿಕೆಯನ್ನು ರಚಿಸಿದರು. ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲದಿಂದ ಊರಿನ ಕಾರ್ಯವನ್ನು ಊರವರೇ ನೋಡಿಕೊಳ್ಳಬೇಕೆಂಬ ತತ್ತ್ವ ಹೀಗೆ ಬೇರೂರುತ್ತ ಬಂದ ನಗರದಲ್ಲಿ, ಹಡ್ಸನ್ ವೃತ್ತದ ಬಳಿಯ ಪಾಲಿಕೆಯ ಸಭಾಂಗಣವು ಐದು ವರ್ಷ ಸದಸ್ಯರಿಲ್ಲದೆ ಬರಿದಾಗಿತ್ತೆಂದರೆ ಅದು ನಮ್ಮೆಲ್ಲರಿಗೂ ನಾಚಿಕೆಗೇಡು.

ಈ ಬರಿದಾಗುವಿಕೆ ಹೇಗೆ ಸಂಭವಿಸಿತು? ತಾವು ದಯಮಾಡಿ ನಾಲ್ಕು ಅಂಕಿಗಳನ್ನು ನೆನಪಿನಲ್ಲಿಡಬೇಕು: 198, 243, 225, 369. 2015ರ ಆಗಸ್ಟ್ 22ರಂದು ಚುನಾವಣೆ ನಡೆದಾಗ ವಾರ್ಡುಗಳು 198. 2020ರಲ್ಲಿ ಅವಧಿ ತೀರಿದಾಗ ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷದ ಸರಕಾರವಿತ್ತು. ಅದು 198 ಸಾಲದು, 243 ಬೇಕೆಂದು ಕಾನೂನು ಮಾಡಿತು. ಹಳೆಯ 198ಕ್ಕೇ ಆರು ವಾರಗಳಲ್ಲಿ ಚುನಾವಣೆಯನ್ನು ಘೋಷಿಸಿರೆಂದು ಉಚ್ಚ ನ್ಯಾಯಾಲಯವು ಆ ವರ್ಷದ ಡಿಸೆಂಬರ್ 4ರಂದು ಅಪ್ಪಣೆ ಮಾಡಿತು. ಸರಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿತು. 2022ರಲ್ಲಿ 243 ವಾರ್ಡುಗಳ ನಕ್ಷೆ ಸಿದ್ಧವಾದರೆ, ಮೀಸಲಾತಿಯ ಪಟ್ಟಿಯನ್ನು ಅದೇ ಸೆಪ್ಟೆಂಬರ್ 30ರಂದು ಉಚ್ಚ ನ್ಯಾಯಾಲಯ ರದ್ದುಮಾಡಿ, ವರ್ಷಾಂತ್ಯದೊಳಗೆ ಚುನಾವಣೆ ಮುಗಿಸಿರೆಂದಿತು. ವರ್ಷಾಂತ್ಯ ಬಂದಿತು, ಚುನಾವಣೆ ಬರಲಿಲ್ಲ.

ಆ 243ರ ನಕ್ಷೆ ಪಕ್ಷಪಾತದಿಂದ ಕೂಡಿದೆಯೆಂದು ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸಿನವರು ಬಲವಾಗಿ ಆಕ್ಷೇಪಿಸಿದರು. 2023ರ ಮೇ ತಿಂಗಳಲ್ಲಿ ಅವರೇ ಅಧಿಕಾರಕ್ಕೆ ಬಂದರು. ಇನ್ನಾದರೂ ನಗರಕ್ಕೆ ನ್ಯಾಯ ದೊರೆಯುವುದೆಂದು ಜನ ನಂಬಿದರು. ಅವರು ಮಾಡಿದುದೇನು? ಸೆಪ್ಟೆಂಬರಿನಲ್ಲಿ 243ನ್ನು 225ಕ್ಕೆ ಇಳಿಸಿದರು. ಆ 225ಕ್ಕಾದರೂ ಚುನಾವಣೆ ನಡೆಸಿದರೋ? ಇಲ್ಲ. ಪಾಲಿಕೆಯೇ ತೀರ ದೊಡ್ಡದಾಯಿತೆಂದು 2024ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತದ ಮಸೂದೆಯನ್ನು ತಂದರು. ಅದು 2025ರ ಮೇ 15ರಂದು ಜಾರಿಗೆ ಬಂದಿತು. ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ನವೆಂಬರಿನಲ್ಲಿ ಐದಕ್ಕೂ ಕೂಡಿ 369 ವಾರ್ಡುಗಳಾದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವನ್ನು ಮೂರು ಸಾರಿ ಅಗೆದು ಮೂರು ಸಾರಿ ಸಮ ಮಾಡಿದರು. ಕುಣಿತ ಮಾತ್ರ 2025 ಮುಗಿದರೂ ಆರಂಭವಾಗಲಿಲ್ಲ.

ಉಪಾಧ್ಯಾಯ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪರೀಕ್ಷೆಯ ದಿನ ಹತ್ತಿರವಾದಾಗಲೆಲ್ಲ ಪಠ್ಯಪುಸ್ತಕ ಬದಲಾಗಬೇಕೆಂದು ಹಟ ಹಿಡಿಯುವ ವಿದ್ಯಾರ್ಥಿ ಪುಸ್ತಕಕ್ಕೆ ಹೆದರಿದವನಲ್ಲ, ಪರೀಕ್ಷೆಗೆ ಹೆದರಿದವನು. ಅದರಲ್ಲಿಯೂ ಪುಸ್ತಕವನ್ನು ಬದಲಿಸುವ ಅಧಿಕಾರ ಆ ವಿದ್ಯಾರ್ಥಿಯ ಕೈಯಲ್ಲೇ ಇದ್ದರೆ ಪರೀಕ್ಷೆ ಎಂದಿಗೆ ನಡೆದೀತು?

ಕಾಂಗ್ರೆಸ್ಸಿನ ಮೇಲೆ ನಮ್ಮ ಆಕ್ಷೇಪ ಹೆಚ್ಚು ಕಠಿಣವಾಗಿರುವುದಕ್ಕೆ ಕಾರಣವುಂಟು. ಅಧಿಕಾರವನ್ನು ಹಳ್ಳಿಗೂ ನಗರಕ್ಕೂ ಹಂಚಿದವರು ತಾವೆಂದು ಅವರು ಪ್ರತಿಯೊಂದು ವೇದಿಕೆಯಲ್ಲೂ ಹೇಳಿಕೊಳ್ಳುತ್ತಾರೆ. ಆ ಮಾತು ಸುಳ್ಳಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1992ರಲ್ಲಿ ಅವರ ಸರಕಾರದ ಕಾಲದಲ್ಲಿಯೇ ಅಂಗೀಕೃತವಾಗಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಪುರಸಭೆಯ ಆಯುಷ್ಯ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಲ್ಲ; ಆ ಅವಧಿ ತೀರುವ ಮೊದಲೇ ಮುಂದಿನ ಚುನಾವಣೆ ಮುಗಿದಿರತಕ್ಕದ್ದು ಎಂದು ಆ ತಿದ್ದುಪಡಿಯಿಂದ ಬಂದ 243ಯು ಅನುಚ್ಛೇದ ಸ್ಪಷ್ಟವಾಗಿ ವಿಧಿಸುತ್ತದೆ. ಅಹಮದಾಬಾದ್ ಪಾಲಿಕೆಯ ವ್ಯಾಜ್ಯದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ದೃಢಪಡಿಸಿತು. ತಾವೇ ಬರೆದ ಶಾಸನವನ್ನು ತಾವೇ ಮುರಿದವರಿಗೆ ನಮ್ಮ ಹಿರಿಯರು ಒಂದು ಗಾದೆಯನ್ನು ಇಟ್ಟಿದ್ದಾರೆ: ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಗರಕ್ಕೆ ಆದುದೇ ಹಳ್ಳಿಗಾಡಿಗೂ ಆಯಿತು. 2021ರಲ್ಲಿ ಅವಧಿ ತೀರಿದ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳಿಗೂ 2025 ಮುಗಿಯುವವರೆಗೆ ಚುನಾವಣೆಯಿಲ್ಲ. ಅಬ್ದುಲ್ ನಜೀರ್‌ಸಾಬರು ಮಂತ್ರಿಗಳಾಗಿದ್ದಾಗ 1983ರ ಕಾನೂನನ್ನು ರೂಪಿಸಿ, 1987ರಲ್ಲಿ ಚುನಾವಣೆ ನಡೆದು, ಪಂಚಾಯಿತಿ ರಾಜ್ಯವೆಂದರೇನೆಂಬುದನ್ನು ದೇಶಕ್ಕೇ ಕಲಿಸಿದ ನಾಡು ಇದು. ಗುರುವಿನ ಮನೆಯಲ್ಲಿಯೇ ಪಾಠ ಮರೆತುಹೋಯಿತು.

ಸರಕಾರದ ಪಕ್ಷಪಾತಿಗಳು ಕೊಡುವ ಸಮಾಧಾನಗಳನ್ನೂ ನಾವು ಪರಿಶೀಲಿಸೋಣ. ಮೊದಲನೆಯದು, ಕೊರೋನಾ ಪಿಡುಗು. ಆ ಪಿಡುಗಿನ ನಡುವೆಯೇ ನೆರೆಯ ಕೇರಳದಲ್ಲಿ 2020ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಯಿತು. ಐದು ವರ್ಷ ತುಂಬಿದಾಗ 2025ರ ಡಿಸೆಂಬರಿನಲ್ಲಿ ಮತ್ತೆ ನಡೆಯಿತು. ಎರಡನೆಯದು, ವಾರ್ಡುಗಳ ವಿಂಗಡಣೆಯೂ ಮತದಾರರ ಪಟ್ಟಿಯೂ ಕಷ್ಟಸಾಧ್ಯವೆಂಬುದು. ಇದೇ ಬೀದಿಗಳಲ್ಲಿ, ಇದೇ ಶಾಲೆಗಳಲ್ಲಿ, ಇದೇ ಉಪಾಧ್ಯಾಯರನ್ನು ಕೂರಿಸಿ 2023ರ ಮೇ 10ರಂದು ವಿಧಾನಸಭೆಗೂ 2024ರ ಏಪ್ರಿಲ್ 26ರಂದು ಲೋಕಸಭೆಗೂ ಮತದಾನ ನಡೆಸಲಿಲ್ಲವೆ? 2025ರ ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆಗಾಗಿ ದಸರೆಯ ರಜೆಯನ್ನು ಬೆಳೆಸಿ ಉಪಾಧ್ಯಾಯರನ್ನು ಮನೆಮನೆಗೂ ಅಟ್ಟಲಿಲ್ಲವೆ? ರಾಜ್ಯದ ಮನೆಗಳನ್ನೆಲ್ಲ ಎಣಿಸಬಲ್ಲ ಸರಕಾರಕ್ಕೆ ಬೆಂಗಳೂರಿನ ಮತಗಳನ್ನು ಎಣಿಸಲಾಗದೆಂದರೆ ನಂಬುವವರಾರು?

ಮೂರನೆಯದು, ನಗರ ಬಹಳ ಬೆಳೆದಿದೆ, ಐದು ಪಾಲಿಕೆಗಳಾದರೆ ಆಡಳಿತ ಸುಗಮವಾಗುವುದೆಂಬುದು. ಆಗಬಹುದು, ಐದು ಎಂಬ ಸಂಖ್ಯೆಯ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಮನೆಯನ್ನು ಐದು ಪಾಲು ಮಾಡುವಾಗ ಮನೆಯವರನ್ನು ಕೇಳಬೇಕಷ್ಟೆ? ಆ ಪಾಲು ನಡೆದಾಗ ಕೇಳುವುದಕ್ಕೆ ಪಾಲಿಕೆಯ ಸಭೆಯೇ ಇರಲಿಲ್ಲ. ಐದರ ಮೇಲೆ ಒಂದು ಪ್ರಾಧಿಕಾರವನ್ನಿಟ್ಟು ಅದಕ್ಕೆ ಮುಖ್ಯಮಂತ್ರಿಗಳನ್ನೇ ಅಧ್ಯಕ್ಷರನ್ನಾಗಿ ಮಾಡಿದ್ದಾರೆ. ಕುಡಿಯುವ ನೀರು 1964ರಿಂದ, ಬಡಾವಣೆಗಳ ರಚನೆ 1976ರಿಂದ ಬೇರೆ ಮಂಡಳಿಗಳ ಕೈಸೇರಿ ಪಾಲಿಕೆಯಿಂದ ದೂರವಾಗಿದ್ದವು. ಉಳಿದಿದ್ದ ಯೋಜನೆಯ ಮಾತೂ ವಿಧಾನಸೌಧಕ್ಕೆ ಏರಿತು.

ನಾಲ್ಕನೆಯ ಸಮಾಧಾನ, ‘ಹಿಂದಿನವರೂ ಹೀಗೆಯೇ ಮಾಡಿದರು’ ಎಂಬುದು. ಇದೊಂದೇ ನಿಜವಾದುದು, ಆದರೆ ಇದು ಸಮಾಧಾನವಲ್ಲ, ತಪ್ಪೊಪ್ಪಿಗೆ. 2006ರ ನವೆಂಬರಿನಲ್ಲಿ ಅವಧಿ ತೀರಿದ ಪಾಲಿಕೆಗೆ 2010ರ ಮಾರ್ಚ್ 28ರವರೆಗೆ ಚುನಾವಣೆಯಿರಲಿಲ್ಲ. 2015ರ ಏಪ್ರಿಲಿನಲ್ಲಿ ಅಂದಿನ ಕಾಂಗ್ರೆಸ್ ಸರಕಾರವು ಅವಧಿ ಮುಗಿಯುವ ಕೆಲವೇ ದಿನಗಳ ಮುಂಚೆ ಪಾಲಿಕೆಯನ್ನು ವಿಸರ್ಜಿಸಿತು. ನ್ಯಾಯಾಲಯಗಳ ಮೆಟ್ಟಿಲು ಹತ್ತಿಳಿದ ಬಳಿಕ ಆಗಸ್ಟಿನಲ್ಲಿ ಮತದಾನವಾಯಿತು. ಲೆಕ್ಕ ಹಾಕಿರಿ: 2006ರ ಕೊನೆಯಿಂದ 2025ರ ಕೊನೆಯವರೆಗಿನ 19 ವರ್ಷಗಳಲ್ಲಿ ಸುಮಾರು 9 ವರ್ಷ ಬೆಂಗಳೂರಿಗೆ ಚುನಾಯಿತ ಪಾಲಿಕೆಯಿರಲಿಲ್ಲ. ಈ ಒಂಬತ್ತರಲ್ಲಿ ಪ್ರತಿಯೊಂದು ಪಕ್ಷಕ್ಕೂ ಪಾಲಿದೆ. ಆದರೆ ಹಿಂದಿನವನ ಸಾಲವನ್ನು ತೋರಿಸಿ ತನ್ನ ಸಾಲವನ್ನು ಯಾರೂ ತೀರಿಸಲಾರರು.

ಇನ್ನು ಇದರಿಂದ ನಮಗಾದ ನಷ್ಟವನ್ನು ನೋಡಿರಿ. 2025-26ರ ಪಾಲಿಕೆಯ ಆಯವ್ಯಯ 19 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದುದು. ಅದನ್ನು ಅಧಿಕಾರಿಗಳು ಮಂಡಿಸಿದರು, ಅಧಿಕಾರಿಗಳೇ ಅಂಗೀಕರಿಸಿದರು. 2025ರ ಏಪ್ರಿಲ್ 1ರಿಂದ ಕಸದ ಸೇವಾಶುಲ್ಕವನ್ನು ಮನೆಗಂದಾಯದೊಡನೆ ಹೇರಿದರು: ಮನೆಯ ವಿಸ್ತಾರಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ. ಶುಲ್ಕ ಹೆಚ್ಚೋ ಕಡಮೆಯೋ, ಬೇರೆ ಮಾತು. ಅದನ್ನು ಪ್ರಶ್ನಿಸುವುದಕ್ಕೆ ನಮ್ಮ ಪರವಾಗಿ ಒಬ್ಬನೂ ಎದ್ದು ನಿಲ್ಲುವಂತಿರಲಿಲ್ಲ. ತೆರಿಗೆ ನಮ್ಮದು, ಮಾತು ಅವರದು! 2023ರಲ್ಲಿ ಸ್ಯಾಂಕಿ ಕೆರೆಯ ಬದಿಯ ಮೇಲ್ಸೇತುವೆಯ ಯೋಜನೆಯನ್ನು ವಿರೋಧಿಸಲು ಮಲ್ಲೇಶ್ವರದ ನಿವಾಸಿಗಳು ತಾವೇ ಬೀದಿಗಿಳಿಯಬೇಕಾಯಿತು. 2025ರಲ್ಲಿ ಹೆಬ್ಬಾಳದಿಂದ ರೇಷ್ಮೆ ಮಂಡಳಿಯವರೆಗೆ ಸುಮಾರು 17 ಕಿಲೋಮೀಟರು ಸುರಂಗವನ್ನು 17 ಸಾವಿರ ಕೋಟಿಗೂ ಮೇಲ್ಪಟ್ಟ ವೆಚ್ಚದಲ್ಲಿ ತೋಡುವ ಯೋಜನೆ ಹೊರಟಾಗ, ಲಾಲ್‌ಬಾಗಿಗೆ ಕೇಡಾದೀತೆಂದು ಹೇಳಲು ಜನರು ಲಾಲ್‌ಬಾಗಿಗೇ ಹೋಗಿ ನಿಂತರು. ಸಭಾಂಗಣದಲ್ಲಿ ನಡೆಯಬೇಕಾದ ವಾದ ಬೀದಿಯಲ್ಲಿಯೂ ನ್ಯಾಯಾಲಯದಲ್ಲಿಯೂ ನಡೆಯಬೇಕಾಯಿತು. ಪ್ರಾಯಶಃ ಇದು ಕೆಲವರಿಗೆ ಅನುಕೂಲವೇ. ಸದಸ್ಯರಿಲ್ಲದ ವಾರ್ಡಿನಲ್ಲಿ ಚರಂಡಿಯ ಕಲ್ಲಿನಿಂದ ಹಿಡಿದು ಎಲ್ಲ ಕಾಮಗಾರಿಯೂ ಶಾಸಕರ ಕಣ್ಸನ್ನೆಯಲ್ಲಿ ನಡೆಯುತ್ತದೆ. ಪಾಲಿಕೆಯ ಚುನಾವಣೆಗಾಗಿ ಯಾವ ಪಕ್ಷದ ಶಾಸಕರೂ ಉಪವಾಸ ಕೂರದಿರುವುದರ ಮರ್ಮ ಇದೆಂದು ನಾವು ತಿಳಿಯುತ್ತೇವೆ.

ಆದುದರಿಂದ, ಮಹಾಜನರೇ, ಮತ ಕೇಳಲು ಬರುವವರು ತಮ್ಮ ಬಾಗಿಲಲ್ಲಿ ನಿಂತಾಗ ಆದರದಿಂದ ಕೂರಿಸಿ ಮೂರು ಪ್ರಶ್ನೆಗಳನ್ನು ಕೇಳಿರಿ. ಒಂದು: ಈ ಐದು ವರ್ಷ ನಮ್ಮ ಸಭೆಯನ್ನು ಮುಚ್ಚಿದಾಗ ತಾವು ತಮ್ಮ ಪಕ್ಷದಲ್ಲಿ ಬಾಯಿ ತೆರೆದಿರೋ? ಎರಡು: ವಾರ್ಡಿನ ಗೆರೆಯನ್ನು ಎಳೆಯುವ ಅಧಿಕಾರವನ್ನು ಪಕ್ಷಗಳ ಕೈಯಿಂದ ಬಿಡಿಸಿ, ಕೇರಳದಲ್ಲಿರುವಂತೆ ರಾಜ್ಯ ಚುನಾವಣಾ ಆಯುಕ್ತರ ಅಧ್ಯಕ್ಷತೆಯ ಸ್ವತಂತ್ರ ಆಯೋಗಕ್ಕೆ ವಹಿಸಲು ತಾವು ಒಪ್ಪುವಿರೋ? ಮೂರು: ತಾವು ಗೆದ್ದರೆ ತಮ್ಮ ಅವಧಿ ತೀರುವ ದಿನಕ್ಕೆ ಮುಂಚೆಯೇ ಮತ್ತೆ ನಮ್ಮೆದುರು ಬರುತ್ತೇವೆಂದು ಮಾತು ಕೊಡುವಿರೋ? ಮೂರಕ್ಕೂ ನೇರವಾದ ಉತ್ತರ ಕೊಟ್ಟವನ ಪಕ್ಷ ಯಾವುದಾದರೂ ಅವನ ಮಾತನ್ನು ಆಲಿಸಿರಿ. ಉತ್ತರಕ್ಕೆ ಬದಲು ಸಾಧನೆಯ ಪಟ್ಟಿಯನ್ನು ಕೊಟ್ಟವನಿಗೆ ಪಟ್ಟಿಯನ್ನು ಮಡಿಸಿ ಹಿಂದಿರುಗಿಸಿರಿ.

ಜನರಿಗೆ ಮರೆವು ಹೆಚ್ಚೆಂಬ ನಂಬಿಕೆಯ ಮೇಲೆ ಪಕ್ಷಗಳು ರಾಜ್ಯಭಾರ ನಡೆಸುತ್ತವೆ. ಓದು ಬಲ್ಲವರೂ ಮಕ್ಕಳಿಗೆ ಓದು ಕಲಿಸುವವರೂ ಆದ ತಾವು ಆ ನಂಬಿಕೆಯನ್ನು ಸುಳ್ಳು ಮಾಡಬೇಕು. 198, 243, 225, 369 ಎಂಬ ಅಂಕಿಗಳನ್ನು ನೆರೆಮನೆಯವರಿಗೂ ಹೇಳಿರಿ. ಪಾಲಿಕೆ ಪೌರರ ಮನೆ; ಅದರ ಬೀಗದ ಕೈ ಯಾವ ಪಕ್ಷದ ಸೊಂಟದಲ್ಲಿಯೂ ಇನ್ನೊಮ್ಮೆ ತೂಗಬಾರದು.