ವಂತಿಗೆಯೋ, ಹಕ್ಕೋ?



ಮಂಡ್ಯ ತಾಲ್ಲೂಕಿನ ಕೆರಗೋಡು ಕಬ್ಬು ಬೆಳೆಯುವ ಸೀಮೆ. ವೈದ್ಯರಿಗಾಗಿ ಕಾದು ಕುಳಿತ ಅಲ್ಲಿನ ರೋಗಿಗಳಲ್ಲಿ ಒಂದು ವಾದ ನಡೆಯುವುದುಂಟು: ಚಿಕಿತ್ಸೆಯನ್ನು ವಂತಿಗೆ ಕಟ್ಟಿ ಪಡೆಯತಕ್ಕದ್ದೋ, ಸರ್ಕಾರವೇ ಎಲ್ಲರಿಗೂ ಕೊಡತಕ್ಕದ್ದೋ?

ವಂತಿಗೆಯ ಪಕ್ಷದವರು 'ಯಶಸ್ವಿನಿ'ಯನ್ನು ನೆನೆಯುತ್ತಾರೆ. 2003ರಲ್ಲಿ ಕಾರ್ಯಾರಂಭವಾದ ಆ ಯೋಜನೆಯಲ್ಲಿ ಸಹಕಾರ ಸಂಘದ ರೈತ ಮೊದಲ ವರ್ಷ ತಲೆಗೆ 60 ರೂಪಾಯಿ ತೆತ್ತು ಶಸ್ತ್ರಚಿಕಿತ್ಸೆಗೆ ಅರ್ಹನಾಗುತ್ತಿದ್ದ. "ದುಡ್ಡು ಕಟ್ಟಿವ್ನಿ, ಕೇಳೋ ಹಕ್ಕದೆ" ಎಂಬ ಮಾತಿಗೊಂದು ಘನತೆಯಿದೆ. ಇದಿರು ಪಕ್ಷದ ಉತ್ತರವೂ ಹರಿತವೇ: "ಕಬ್ಬಿನ ಬಿಲ್ಲು ಬರೋಗಂಟ ಕಾಯಿಲೆ ಕಾಯ್ತದೇನಣ್ಣ?" ಸಂಘದ ಹೊರಗಿದ್ದ ಕೂಲಿಯ ಹೆಣ್ಣುಮಗಳಂತೂ ಆ ಲೆಕ್ಕಕ್ಕೇ ಸೇರಿರಲಿಲ್ಲ.

2018ರ 'ಆರೋಗ್ಯ ಕರ್ನಾಟಕ' ಆಕೆಯನ್ನೂ ಒಳಗೊಂಡಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ; ಉಳಿದವರಿಗೆ ನಿಗದಿತ ದರದ ಶೇಕಡ 30ರಷ್ಟು ನೆರವು. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆ ಸೇರಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಅದಕ್ಕಾಗಿ ಕಳೆದುಕೊಳ್ಳುವ ದಿನಗೂಲಿಯನ್ನು ತುಂಬಿಕೊಡುವವರು ಯಾರು? ಆ ವರ್ಷವೇ ನಿಂತಿದ್ದ ಯಶಸ್ವಿನಿ 2023ರಲ್ಲಿ ಮರಳಿತು, ವಾದವೂ ಮರಳಿತು.

ನನಗೆ ತೋರುವಂತೆ, ಎರಡು ಪಕ್ಷದವರೂ ಹೆಚ್ಚಾಗಿ ವಾದಿಸುವುದು ದೊಡ್ಡಾಸ್ಪತ್ರೆಯ ಖರ್ಚನ್ನು ಕುರಿತೇ. ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಕೂಡದೆಂದ 1946ರ ಭೋರ್ ಸಮಿತಿಯ ವರದಿ, ಹಳ್ಳಿಯ ಸಮೀಪದ ಆರೋಗ್ಯ ಕೇಂದ್ರವನ್ನೇ ಬುನಾದಿಯಾಗಿ ಕಂಡಿತ್ತು. ಸಕ್ಕರೆಯ ನಾಡೆಂದು ಹೆಸರಾದ ಈ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆಯ ಕೂಲಿ ಹೆಂಗಸಿಗೆ ಬೇಕಾದದ್ದು ನಿತ್ಯದ ಮಾತ್ರೆ. ಹುಣ್ಣು ಕೊಳೆತು ಕಾಲು ಕತ್ತರಿಸಬೇಕಾದಾಗ ಕಾರ್ಡು ನಡೆಯುತ್ತದೆ. ಅಲ್ಲಿಯವರೆಗೆ, ಕೇಂದ್ರದಲ್ಲಿ ಮಾತ್ರೆ ಮುಗಿದಿದ್ದರೆ, ಆಕೆ ಅಂಗಡಿಯಲ್ಲಿ ಕೊಂಡದ್ದನ್ನು ದಿನ ಬಿಟ್ಟು ದಿನ ನುಂಗುತ್ತಾಳೆ.